ಮೈಮೂನಮ್ಮ ಕೊಡದ ಮಾತ್ರೆ

ಗುರುವಾಯನಕೆರೆಯ ಮೈಮೂನಮ್ಮನ ಮನೆಗೆ ಗಲ್ಫಿನಿಂದ ಪೆಟ್ಟಿಗೆ ಬಂದರೆ ಅದು ಅವರೊಬ್ಬರ ಪೆಟ್ಟಿಗೆಯಲ್ಲ. ದುಬೈಯಲ್ಲಿರುವ ಮಗ ನೌಫಲ್ ಕಳಿಸಿದ ಸಾಬೂನು, ಖರ್ಜೂರ, ತಲೆನೋವಿನ ಎಣ್ಣೆ ಸಂಜೆಯೊಳಗೆ ನೆರೆಕರೆಗೆಲ್ಲ ಹಂಚಿಹೋಗುತ್ತಿತ್ತು. ಮಾತ್ರೆಗಳೂ ಹಾಗೆಯೇ. ಹಾಳೆಯನ್ನು ಕತ್ತರಿಯಲ್ಲಿ ತುಂಡು ಮಾಡಿ ಒಬ್ಬರಿಗೆ ಎರಡು, ಇನ್ನೊಬ್ಬರಿಗೆ ಮೂರು. ಇಲ್ಲವೆನ್ನದ ಕೈ ಎಂದು ಅವರಿಗೆ ಹೆಸರಿತ್ತು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಅವರಿಗೆ ಉರಿಮೂತ್ರ ಹಿಡಿಯಿತು. ಪೆಟ್ಟಿಗೆಯ ದೊಡ್ಡ ಬಿಳಿ ಮಾತ್ರೆ ಎರಡು ನುಂಗಿದರು, ಉರಿ ಇಳಿಯಿತು. ಉಳಿದದ್ದನ್ನು ಅದೇ ತೊಂದರೆಯಿದ್ದ ಪಕ್ಕದ ಮನೆಯ ಸರಸಕ್ಕನಿಗೆ ಕೊಟ್ಟರು. ಕೆಲವು ವಾರಗಳಲ್ಲಿ ಉರಿ ತಿರುಗಿ ಬಂತು, ಈ ಸಲ ಚಳಿಜ್ವರವನ್ನೂ ಸೊಂಟನೋವನ್ನೂ ಕರೆದುಕೊಂಡು. ಬೆಳ್ತಂಗಡಿಯ ಡಾಕ್ಟರು ಪರೀಕ್ಷೆ ಮಾಡಿಸಿ, "ಕಿಡ್ನಿಗೆ ಏರಿದೆ. ಅದೇ ಮಾತ್ರೆ ಇನ್ನೂ ನಾಟ್ತದೆ, ಆದ್ರೆ ಪೂರ್ತಿ ಮುಗಿಸ್ಬೇಕು. ಮತ್ತೆ ಅರ್ಧಕ್ಕೆ ಬಿಟ್ರೆ ಕಿಡ್ನಿಯೇ ಹೋದೀತು" ಎಂದು ಗದರಿದರು.

ಮೂಡುಬಿದಿರೆಯಲ್ಲಿ ಸೂಕ್ಷ್ಮಜೀವಿಗಳ ವಿಷಯ ಓದುತ್ತಿದ್ದ ಮಗಳು ಮಿಸ್ರಿಯಾ ರಜೆಗೆ ಬಂದಿದ್ದಳು.

"ಉಮ್ಮ, ಈ ಮಾತ್ರೆ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ತುಂಡು ಮಾಡ್ತದೆ. ಆದ್ರೆ ಅದು ಸುಮ್ಮನೆ ಸಾಯುವ ಜಾತಿ ಅಲ್ಲ. ತುಂಡಾದ ತುದಿಯನ್ನು ಮೊದಲು ಸ್ವಲ್ಪ ಹಿಂದಕ್ಕೆ ಬಿಚ್ತದೆ. ಆ ಎಳೆ ಹಿಡಿದು, ತನ್ನೊಳಗೇ ಇರುವ ಇನ್ನೊಂದು ಪ್ರತಿಯಲ್ಲಿ ಅದೇ ಜಾಗ ಹುಡುಕ್ತದೆ. ಸಿಕ್ಕಿದ ಮೇಲೆ ಅದನ್ನು ನೋಡಿ, ಹೋದದ್ದನ್ನು ಪುನಃ ಕಟ್ಟಿಕೊಳ್ತದೆ."

ಮೈಮೂನಮ್ಮ ತನ್ನ ಕುಪ್ಪಸದ ತೋಳನ್ನು ಮುಟ್ಟಿ ನೋಡಿದರು. "ಕುಪ್ಪಸದ ಒಂದು ತೋಳಿನ ಕಸೂತಿ ಹರಿದ್ರೆ ಇನ್ನೊಂದು ತೋಳು ನೋಡಿ ಹೊಲಿದ ಹಾಗೆ. ಎರಡೂ ತೋಳು ಹರಿದಿದ್ರೆ?"

"ಆಗ ನೋಡ್ಲಿಕ್ಕೆ ಏನೂ ಇಲ್ಲ. ಸಾಯ್ತದೆ. ಆದ್ರೆ ಬೆಳೆಯುವಾಗ ಅದು ಪ್ರತಿ ಮಾಡ್ತಾನೇ ಇರ್ತದಲ್ಲ."

"ಅಂದ್ರೆ ನಾನು ಎರಡು ನುಂಗಿ ಬಿಟ್ಟದ್ದು..."

"ಹೊಲಿಲಿಕ್ಕೆ ಪುರುಸೊತ್ತು ಕೊಟ್ಟದ್ದು. ಅದು ಹೊಲಿಯುವುದಕ್ಕಿಂತ ಬೇಗ ನಾವು ಹರೀಬೇಕು."

"ಕಣ್ಣಿಗೆ ಕಾಣದ ಇದಕ್ಕೆ ಇಷ್ಟು ಹಟವಾ?" ಮೈಮೂನಮ್ಮ ಸೆರಗು ಬಿಗಿದರು. "ನೋಡುವ, ಯಾರ ಹಟ ಗೆಲ್ತದೆ ಅಂತ."

ಮರುದಿನವೇ ಸರಸಕ್ಕ ಬೇಲಿಯ ಆಚೆ ನಿಂತು ಕರೆದರು. "ಮೈಮೂನಮ್ಮ, ನನಗೆ ಪುನಃ ಉರಿ ಮಾರಾಯ್ರೆ. ಆ ಬಿಳಿದು ಎರಡು ಕೊಡಿ."

"ಕೊಡುವುದಿಲ್ಲ, ಸರಸಕ್ಕ."

ಸರಸಕ್ಕ ತಮಾಷೆಯೆಂದು ನಕ್ಕರು. ಮೈಮೂನಮ್ಮ ನಗಲಿಲ್ಲ. "ಎರಡರಲ್ಲಿ ಅದು ಸಾಯುವುದಿಲ್ಲ. ಹಂಚಿದ್ರೆ ನನ್ನ ಮದ್ದೂ ಪೂರ್ತಿ ಆಗುವುದಿಲ್ಲ, ನಿಮ್ಮದೂ ಆಗುವುದಿಲ್ಲ. ಡಾಕ್ಟರ ಹತ್ತಿರ ಹೋಗುವ."

"ಓಹೋ! ಪೆಟ್ಟಿಗೆ ದೊಡ್ಡದಾದ ಹಾಗೆ ಕೈ ಸಣ್ಣ ಆಯ್ತಾ?"

ಆ ಮಾತು ಸಂಜೆಯೊಳಗೆ ನೆರೆಕರೆಯನ್ನೆಲ್ಲ ಸುತ್ತಿತು. ನಾದಿನಿ ಪಾತುಮ್ಮ ಬಂದು, "ಎರಡು ಮಾತ್ರೆಗಾಗಿ ಇಷ್ಟು ವರ್ಷದ ಹೆಸರು ಕಳ್ಕೊಳ್ತೀರಾ ಅತ್ತಿಗೆ?" ಎಂದು ಕೇಳಿದಳು.

"ಹೆಸರು ಹೋಗ್ಲಿ. ಕಿಡ್ನಿ ಹೋದ್ರೆ ನಿನ್ನದು ಕೊಡ್ತೀಯಾ?"

ಪಾತುಮ್ಮ ಚಹಾವನ್ನೂ ಮುಟ್ಟದೆ ಎದ್ದುಹೋದಳು.

ಬೆಳಿಗ್ಗೆ ಮೈಮೂನಮ್ಮ ಕೊಡೆ ಹಿಡಿದು ನೇರ ಸರಸಕ್ಕನ ಜಗಲಿ ಹತ್ತಿದರು. ಜ್ವರ ಬಿಟ್ಟಿತ್ತು, ಸೊಂಟನೋವು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

"ಹೊರಡಿ. ಬೆಳ್ತಂಗಡಿಗೆ ಹೋಗುವ."

"ನಾನು ಬರುವುದಿಲ್ಲ. ನಿಮ್ಮ ಉಪಕಾರ ಬೇಡ."

"ಉಪಕಾರ ಅಲ್ಲ. ನಿಮ್ಮ ಹೊಟ್ಟೆಯಲ್ಲಿ ಇರುವುದಕ್ಕೂ ನನಗೂ ಜಗಳ. ನೀವು ಬರುವವರೆಗೆ ಇಲ್ಲಿಂದ ಏಳುವುದಿಲ್ಲ."

ಸರಸಕ್ಕ ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದರು. ಮೈಮೂನಮ್ಮ ಕಂಬಕ್ಕೆ ಒರಗಿ ಕೂತೇ ಇದ್ದರು. ಬಿಸಿಲು ಜಗಲಿಗೆ ಏರಿದಾಗ ಸೆರಗಿನ ಗಂಟು ಬಿಚ್ಚಿದರು.

"ಸರಸಕ್ಕ, ಸ್ವಲ್ಪ ನೀರು ಕೊಡಿ. ಮಾತ್ರೆಯ ಹೊತ್ತಾಯ್ತು."

ಸರಸಕ್ಕ ಚೆಂಬನ್ನು ಕುಕ್ಕಿ ಇಟ್ಟರು. ಅರ್ಧ ನೀರು ನೆಲಕ್ಕೆ ಚೆಲ್ಲಿತು. ಉಳಿದ ಅರ್ಧದಲ್ಲಿ ಮೈಮೂನಮ್ಮ ಮಾತ್ರೆ ನುಂಗಿ, ಬಾಯಿ ಒರೆಸಿಕೊಂಡು, ಕೂತಲ್ಲೇ ಕೂತರು.

ಸರಸಕ್ಕ ಗೋಡೆಯ ಕಡೆ ಮುಖ ಮಾಡಿ ಕೇಳಿದರು: "ಬಸ್ಸು ಎಷ್ಟು ಹೊತ್ತಿಗೆ?"