ಬೆರಳಿನ ಪಾಠ

ನನ್ನ ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ವಿಕರ್ಣ ಮಿಸ್ ಇದ್ದಾರೆ. ಹೆತ್ತವರು ಇಟ್ಟ ಹೆಸರು ಬೇರೆ. ಅದು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ. ಲಂಬಕೋನ ತ್ರಿಭುಜದ ಅತಿ ಉದ್ದದ ಬಾಹುವಿಗೆ ವಿಕರ್ಣ ಅನ್ನುತ್ತಾರಲ್ಲ, ಮಿಸ್ ಕೂಡ ಉದ್ದಕ್ಕಿದ್ದಾರೆ, ನಿಂತರೆ ತುಸು ಓರೆ. ಯಾವ ಕಾಲದ ಮಕ್ಕಳು ಈ ಹೆಸರಿಟ್ಟರೋ, ನಿವೃತ್ತಿಯ ದಿನ ಹೆಡ್‌ಮಾಸ್ಟರು ಕೂಡ ಭಾಷಣದಲ್ಲಿ ಬಾಯಿತಪ್ಪಿ ಅದನ್ನೇ ಅಂದರಂತೆ.

ಕೋಪ ಮೂಗಿನ ತುದಿಯಲ್ಲೇ. ಆದರೆ ಗಣಿತ ಅವರ ಕೈಗೆ ಬಂದರೆ ಕಬ್ಬಿಣದ ಕಡಲೆಯೂ ನೆನೆಸಿದ ಕಡಲೆಯಾಗುತ್ತದೆ. ಅದರಲ್ಲೂ ಬೆರಳಿನ ಪಾಠ. ಲಂಬಕೋನ ತ್ರಿಭುಜದ ಎರಡು ಬಾಹು ಕೊಟ್ಟು ಮೂರನೆಯದನ್ನು ಕೇಳಿದರೆ, ವರ್ಗಗಳನ್ನು ಕೂಡಬೇಕೋ ಕಳೆಯಬೇಕೋ ಎಂದು ಮಕ್ಕಳು ಒದ್ದಾಡುತ್ತಾರೆ. ಅದಕ್ಕೆ ಮಿಸ್ ಕೊಡುವ ಮದ್ದು ಇಷ್ಟು: ಲಂಬಕೋನದ ಮೂಲೆಯ ಮೇಲೆ ಬೆರಳಿಡು. ಎರಡು ಬಾಹು ಬೆರಳಿಗೆ ತಾಗುತ್ತವೆ. ತಾಗದೆ ಎದುರಿಗೆ ಉಳಿದದ್ದು ವಿಕರ್ಣ. ಅದು ಗೊತ್ತಿಲ್ಲದಿದ್ದರೆ ಕೂಡು, ಗೊತ್ತಿದ್ದರೆ ಕಳೆ. ನನಗೂ ಒಮ್ಮೆ ಹೇಳಿಕೊಟ್ಟಿದ್ದರು. ಶಾಲೆಯಲ್ಲಿ ಗಣಿತದ ಪೀರಿಯಡ್ಡನ್ನೆಲ್ಲ ಕಿಟಕಿಯ ಹೊರಗೇ ಕಳೆದ ನಾನು, ಅಂಗಡಿಯಲ್ಲಿ ಕತ್ತರಿ ಕೆಳಗಿಡದೆ ಕಲಿತುಬಿಟ್ಟೆ.

ಮಿಸ್ ಮದುವೆಯಾಗಲಿಲ್ಲ. ತಮ್ಮ ಒಬ್ಬನಿದ್ದಾನೆ, ಭಾನುವಾರ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳಿ, ಆಯ್ತು ಅಂದರೆ ಇಟ್ಟುಬಿಡುತ್ತಾನೆ. ಶಾಲೆ ಬಿಟ್ಟ ಮೇಲೆ ಅವರ ಮಾತೆಲ್ಲ ರೇಡಿಯೊದ ಜೊತೆಗೆ. ವಾರ್ತೆ ಓದುವವಳು ಅಂಕಿಸಂಖ್ಯೆ ಹೇಳಿದರೆ ಸಾಕು, ಶೇಕಡಾ ಎಷ್ಟು ಅಂತ ಸರಿಯಾಗಿ ಹೇಳಮ್ಮಾ, ನಿನಗೆ ಪಾಠ ಹೇಳಿದವರು ಯಾರು ಎಂದು ಗದರುವುದು ನನ್ನ ಮಿಷನ್ನಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಬರುತ್ತಿರಲಿಲ್ಲ.

ಹೀಗಿರುವಾಗ ಲಾಂಡ್ರಿಯವಳು ಬಂದಳು. ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆಯ ಚಾದರ, ದಿಂಬಿನ ಕವರು, ರೋಗಿಗಳ ಅಂಗಿ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ನಲವತ್ತರ ಹತ್ತಿರದ ಹೆಂಗಸು, ಗಂಡ ಇಲ್ಲ, ಶಾಲೆಗೆ ಹೋಗುವ ಒಬ್ಬ ಮಗಳಿದ್ದಾಳೆ. ಮೇಲ್ವಿಚಾರಕಿಯ ಹುದ್ದೆ ಖಾಲಿಯಾಗಿತ್ತು, ಹತ್ತನೇ ತರಗತಿ ಪಾಸಾಗಿರಬೇಕು ಅಂದಿದ್ದರು. ಹುಡುಗಿಯಾಗಿದ್ದಾಗ ಗಣಿತವೊಂದರಲ್ಲಿ ಫೇಲಾಗಿದ್ದಳು. ಹರಿದ ಕೋಟು ಹೊಲಿಸಲು ಬಂದವಳು ಈ ಕಷ್ಟ ಹೇಳಿಕೊಂಡಾಗ, ನಾನೇ ಮೆಟ್ಟಿಲು ತೋರಿಸಿ ಮೇಲೆ ಹೋಗು ಅಂದೆ.

ಅಂದಿನಿಂದ ಸಂಜೆ ರೇಡಿಯೊ ಬಂದ್. ಕೆಲಸ ಮುಗಿಸಿ, ಕೈಯಲ್ಲಿ ಇನ್ನೂ ಸೋಪಿನ ವಾಸನೆ ಇರುವಾಗಲೇ ಅವಳು ಮೆಟ್ಟಿಲು ಹತ್ತುತ್ತಿದ್ದಳು. ಮಿಸ್ ಪರದೆ ಒಗೆಸಿದರು. ಟೀಗೆ ಎರಡನೆಯ ಕಪ್ಪು ಕೊಂಡರು. ಶಾಲೆಯವರು ಎಸೆಯಲಿದ್ದ ಹಳೇ ಕಪ್ಪುಹಲಗೆಯನ್ನು ಮಂಚದಡಿಯಿಂದ ಹೊರತೆಗೆದು ಗೋಡೆಗೆ ಒರಗಿಸಿದರು. ರೋಗಿಗಳ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದು, ಯಂತ್ರಕ್ಕೆ ಹಾಕಿ ಹಾಳಾಗಿದ್ದು, ಹೆಡ್‌ನರ್ಸಿನ ಗತ್ತು, ಎಲ್ಲವನ್ನೂ ಅವಳು ಹೇಳುವಳು. ಮಿಸ್ ನಗುತ್ತಾರೆ ಅಂತ ನನಗೆ ಆಗ ಗೊತ್ತಾಯಿತು. ಇಷ್ಟು ವರ್ಷ ತಲೆಯ ಮೇಲೇ ಇದ್ದರೂ ಆ ನಗು ಕೇಳಿರಲಿಲ್ಲ.

ಅವಳು ಚುರುಕು. ಬಡ್ಡಿ, ಸಮೀಕರಣ, ವೃತ್ತ, ಒಂದೊಂದೇ ಮುಗಿದವು. ಉಳಿದದ್ದು ತ್ರಿಭುಜದ ಬಾಹು. ಅಲ್ಲಿ ಅವಳು ಒಂದೇ ತಪ್ಪು ಮಾಡುತ್ತಿದ್ದಳು: ಯಾವ ಎರಡು ಬಾಹು ಕೊಟ್ಟರೂ ವರ್ಗ ಮಾಡಿ ಕೂಡಿಬಿಡುತ್ತಿದ್ದಳು. ಎರಡು ವಾರ್ಡಿನಿಂದ ಎರಡು ಗಂಟು ಬಂದರೆ ಕೂಡಿ ಬರೆಯುವುದೇ ಇಪ್ಪತ್ತು ವರ್ಷದ ಅಭ್ಯಾಸ; ಎರಡು ಅಂಕಿ ಕಂಡರೆ ಕೈ ತಾನಾಗಿ ಕೂಡುತ್ತೆ ಮಿಸ್ ಎಂದು ಅವಳೇ ಹೇಳಿದ್ದಳಂತೆ.

ಇಂಥ ತಪ್ಪಿಗೆ ಮಿಸ್ ಮಕ್ಕಳ ಕಿವಿ ಹಿಂಡಿ, ಬೆರಳು ಹಿಡಿದು ಮೂಲೆಯ ಮೇಲಿಡಿಸುತ್ತಿದ್ದರು. ಇವಳಿಗೆ ಮಾತ್ರ, ಇರಲಿ, ನಾಳೆ ನೋಡೋಣ ಅಂದರು. ಮರುದಿನವೂ ನಾಳೆ ನೋಡೋಣ. ಇಷ್ಟು ತಾಳ್ಮೆ ಇವರಿಗೆ ಎಲ್ಲಿಂದ ಬಂತು ಎಂದು ನನಗೆ ಸೋಜಿಗ. ವಯಸ್ಸಾದ ಹಾಗೆ ಮೆತ್ತಗಾದರು ಅಂದುಕೊಂಡೆ. ಇತರರ ಮನಸ್ಸನ್ನು ನಾವು ಇಷ್ಟು ಸಲೀಸಾಗಿ ಓದಿ ಮುಗಿಸುತ್ತೇವೆ.

ಪರೀಕ್ಷೆ ಹತ್ತಿರ ಬಂತು. ಒಂದು ಸಂಜೆ ಹೊಲಿದ ದಿಂಬಿನ ಕವರು ಕೊಡಲು ಮೇಲೆ ಹೋದೆ. ಅವಳು ಹಲಗೆಯ ಮುಂದೆ ನಿಂತಿದ್ದಳು. ಗೋಡೆಗೆ ಒರಗಿಸಿದ ಏಣಿ ಹದಿಮೂರು ಅಡಿ, ಅದರ ಬುಡ ಗೋಡೆಯಿಂದ ಐದು ಅಡಿ ದೂರ, ಏಣಿ ಎಷ್ಟು ಎತ್ತರ ಮುಟ್ಟುತ್ತದೆ? ಅವಳು ಕೂಡಿದ್ದಳು. ಉತ್ತರ ಹದಿನಾಲ್ಕರ ಹತ್ತಿರ ಬಂದಿತ್ತು. ಏಣಿಗಿಂತ ಅದು ಮುಟ್ಟುವ ಎತ್ತರವೇ ಹೆಚ್ಚು. ಅವಳು ಅದನ್ನೇ ನೋಡುತ್ತಾ ನಿಂತು ಸೀಮೆಸುಣ್ಣ ಕೆಳಗಿಟ್ಟಳು.

"ಇದು ನನ್ನ ತಲೆಗೆ ಹತ್ತಲ್ಲ ಮಿಸ್. ಪರೀಕ್ಷೆಗೆ ಕೂರಲ್ಲ. ಒಗೆಯೋದು ಗೊತ್ತು, ಒಗ್ಕೊಂಡೇ ಇರ್ತೀನಿ."

ಮಿಸ್ ಟೀ ಕಪ್ಪನ್ನು ಮೇಜಿನ ಮೇಲಿಟ್ಟರು. ಎದ್ದು ಬಂದು ಅವಳ ಕೈ ಹಿಡಿದರು. ಸೋಪಿಗೆ ಸವೆದ ಆ ಬೆರಳನ್ನು, ಹಲಗೆಯ ಚಿತ್ರದಲ್ಲಿ ಗೋಡೆಯೂ ನೆಲವೂ ಸೇರುವ ಮೂಲೆಯ ಮೇಲಿಟ್ಟರು. ಇದಕ್ಕೆ ತಾಗದ ಬಾಹು ಯಾವುದು ಎಂದರು. ಏಣಿ, ಅಂದಳು. ಅದರ ಉದ್ದ ಗೊತ್ತಾ? ಗೊತ್ತು. ಹಾಗಾದರೆ ಕಳೆ.

ನೂರ ಅರವತ್ತೊಂಬತ್ತರಲ್ಲಿ ಇಪ್ಪತ್ತೈದು ಹೋಯಿತು, ನೂರ ನಲವತ್ತನಾಲ್ಕು ಉಳಿಯಿತು. ಹನ್ನೆರಡು ಅಡಿ. ಇನ್ನೊಂದು ಕೊಟ್ಟರು, ಸರಿ. ತ್ರಿಭುಜವನ್ನು ತಲೆಕೆಳಗು ಮಾಡಿ ಕೊಟ್ಟರು, ಅದೂ ಸರಿ. ಟೀ ಆರುವಷ್ಟರಲ್ಲಿ ಪಾಠ ಮುಗಿದಿತ್ತು. ಅವಳು ಬೆರಳನ್ನು ಹಲಗೆಯಿಂದ ತೆಗೆಯದೆ ತಿರುಗಿ ನೋಡಿದಳು.

"ಇಷ್ಟೇನಾ ಮಿಸ್? ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

ಏನಾದರೂ ನೆಪ ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ. ಮಿಸ್ ಕುರ್ಚಿಯ ಬೆನ್ನು ಹಿಡಿದುಕೊಂಡು, ತರಗತಿಯಲ್ಲಿ ಉತ್ತರ ಹೇಳುವ ಹುಡುಗಿಯ ಹಾಗೆ ನೆಟ್ಟಗೆ ನಿಂತರು.

"ಹೇಳಿದ್ರೆ ಪಾಠ ಮುಗಿದುಹೋಗ್ತಿತ್ತು. ನೀನು ಬರ್ತಿರಲಿಲ್ಲ."

ಅವಳು ಬೆರಳನ್ನು ಹಲಗೆಯಿಂದ ತೆಗೆದು ಸೆರಗಿಗೆ ಒರೆಸಿಕೊಂಡಳು. ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲ ಹತ್ತಿರ ನಿಂತು ಮೆಲ್ಲಗೆ ಅಂದಳು:

"ನಾನು ಇಲ್ಲಿ ಕೂತಿರೋ ಹೊತ್ತಲ್ಲೆಲ್ಲ ನನ್ನ ಮಗಳು ಮನೇಲಿ ಒಬ್ಬಳೇ ಇರ್ತಾಳೆ ಮಿಸ್. ಒಳಗಿಂದ ಚಿಲಕ ಹಾಕ್ಕೊಂಡು, ಮೆಟ್ಟಿಲ ಸದ್ದಿಗೆ ಕಿವಿ ಕೊಟ್ಕೊಂಡು."

ಅವಳು ಇಳಿದು ಹೋದಳು. ಮಗಳಿದ್ದಾಳೆ ಎಂದು ಮಿಸ್‌ಗೆ ಗೊತ್ತಿತ್ತು. ಸಂಜೆ ಆ ಮಗು ಎಲ್ಲಿರುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಇದನ್ನು ಅವರೇ ನನಗೆ ಹೇಳಿದ್ದು, ಕವರನ್ನು ಮಡಿಸುತ್ತಾ, ಬಿಚ್ಚುತ್ತಾ, ಮತ್ತೆ ಮಡಿಸುತ್ತಾ. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಎರಡೂ ನುಂಗಲಾರದ ತುತ್ತು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ಹೊತ್ತಿಗೆ ಸರಿಯಾಗಿ ಮೇಲೆ ಬಾಗಿಲು ತೆರೆಯುವ ಸದ್ದು ಕೇಳುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಮುಚ್ಚುವ ಸದ್ದು. ಪರೀಕ್ಷೆ ಮುಗಿಯಿತು. ಬರೆದಳೋ ಇಲ್ಲವೋ ಎಂದು ಮಿಸ್ ನನ್ನನ್ನೂ ಕೇಳಲಿಲ್ಲ. ಅಂಗಡಿಯ ಮುಂದೆ ಹಾದುಹೋಗುವಾಗ ಮಾತ್ರ ಒಂದು ಕ್ಷಣ ನಿಂತು, ನಾನು ತಲೆಯೆತ್ತುವಷ್ಟರಲ್ಲಿ ನಡೆದುಬಿಡುತ್ತಿದ್ದರು.

ಫಲಿತಾಂಶ ಬಂದ ವಾರ ಲಾಂಡ್ರಿಯವಳು ಅಂಗಡಿಗೆ ಬಂದಳು. ಕೈಯಲ್ಲಿ ಮೇಲ್ವಿಚಾರಕಿಯ ಹೊಸ ಕೋಟು, ತೋಳು ಉದ್ದವಾಗಿತ್ತು, ಚಿಕ್ಕದು ಮಾಡಬೇಕಿತ್ತು. ಪಾಸಾಗಿದ್ದಳು. ಬಾಹುವಿನ ಲೆಕ್ಕ ಬಂದಿತ್ತಂತೆ, ಬೆರಳಿಟ್ಟು ನೋಡಿ ಮಾಡಿದಳಂತೆ. ಅಳತೆ ತೆಗೆದುಕೊಂಡು, ಮೇಲೆ ಹೋಗಿ ನೀನೇ ಒಂದು ಮಾತು ಹೇಳು ಅಂದೆ. ಅವಳು ಮೆಟ್ಟಿಲಿನ ಕಡೆ ನೋಡಿದಳು. ಮೊದಲ ಮೆಟ್ಟಿಲ ಮೇಲೆ ಕಾಲನ್ನೂ ಇಟ್ಟಳು.

"ನೀವೇ ಹೇಳಿಬಿಡಿ ಅಕ್ಕಾ. ಮಗಳು ಕಾಯ್ತಿರ್ತಾಳೆ," ಅಂದು ಕಾಲು ಹಿಂತೆಗೆದುಕೊಂಡು ಹೋದಳು.

ಮಿಷನ್ ನಿಲ್ಲಿಸಿ ನಾನೇ ಮೇಲೆ ಹೋದೆ. ಮಿಸ್ ಬಾಗಿಲು ತೆರೆದೇ ಇಟ್ಟಿದ್ದರು. ಕೆಳಗಿನ ದನಿ ಕೇಳಿರಬೇಕು. ಮೇಜಿನ ಮೇಲೆ ಕಪ್ಪು ಎರಡಿದ್ದವು. ಪಾಸಾದಳಂತೆ ಅಂದೆ. ಮುಖ ಅರಳಿತು, ಅದು ನಿಜವಾದ ಸಂತೋಷ, ಅದರಲ್ಲಿ ನನಗೆ ಸಂಶಯವಿಲ್ಲ. ಆಮೇಲೆ ನನ್ನ ಬೆನ್ನ ಹಿಂದೆ ಮೆಟ್ಟಿಲನ್ನು ನೋಡಿದರು. ಮನೆಯಲ್ಲಿ ಮಗಳು ಕಾಯುತ್ತಿರುತ್ತಾಳಂತೆ, ಹೋದಳು ಎಂದೆ.

"ಹೋಗ್ಲಿ. ಮಗು ಒಬ್ಬಳೇ ಇರಬಾರದು," ಅಂದರು ಮಿಸ್.

ಟೀ ಕೊಡಿ ಎಂದು ಕೇಳಿ ಕೂರೋಣ ಅಂದುಕೊಂಡೆ. ಅಷ್ಟರಲ್ಲಿ ಅವರು ನಿಮ್ಮ ಕೆಲಸ ಕೆಡುತ್ತೆ ಎಂದು ಬಾಗಿಲು ಮುಂದೆ ಮಾಡಿಕೊಂಡರು. ನಾನು ಮೆಟ್ಟಿಲು ಇಳಿಯುತ್ತಿದ್ದಾಗ ರೇಡಿಯೊ ಹಾಕಿದ ಸದ್ದು ಕೇಳಿತು. ವಾರ್ತೆಯವಳು ಯಾವುದೋ ಅಂಕಿ ಓದಿದಳು. ಮಿಸ್ ಅವಳನ್ನು ಗದರಲಿಲ್ಲ. ಇನ್ನೊಂದು ಸಲ ಹೇಳಮ್ಮಾ, ಅಂದರು.