ಬಾಣದ ಸ್ಟಿಕ್ಕರ್

ಭಾಗ್ಯ, ನಿನ್ನ ಕೈ ಕೆಟ್ಟಿರಲಿಲ್ಲ. ಇದು ನನಗೆ ಏಳು ವರ್ಷದಿಂದ ಗೊತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಹಿರೇಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ನೀನು ಕಾಲರ್ ಹೊಲಿಯುವ ಟೈಲರ್, ನಾನು ಅದೇ ಲೈನಿನ ಕೊನೆಯಲ್ಲಿ ನಿಲ್ಲುವ ಚೆಕ್ಕರ್. ನೀನು ಸಿ.ಎಸ್. ಪುರದಿಂದ ಬಸ್ಸು ಬದಲಾಯಿಸಿಕೊಂಡು ಬಂದರೂ ತುಮಕೂರಿನ ಸದಾಶಿವನಗರದಲ್ಲೇ ಇದ್ದ ನನಗಿಂತ ಮೊದಲೇ ಮೆಷಿನ್ ಒರೆಸಿ ಕೂತಿರುತ್ತಿದ್ದೆ. ನನ್ನ ಕೆಲಸ ಏನೆಂದು ನಿನಗೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಶರ್ಟನ್ನು ಮೇಜಿನ ಮೇಲೆ ಹರಡಬೇಕು. ನೂಲು ಬಿಟ್ಟ ಕಡೆ, ಸುಕ್ಕು ಬಂದ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸಬೇಕು. ಸರಿಯಾಗಿರುವ ಹೊಲಿಗೆಗೆ ಯಾವ ಸ್ಟಿಕ್ಕರೂ ಇಲ್ಲ, ಅದು ಸುಮ್ಮನೆ ಪ್ಯಾಕಿಂಗಿಗೆ ಹೋಗುತ್ತದೆ.

ಆ ವರ್ಷ ನನಗೆ ಏನೋ ಆಗಿತ್ತು. ಕಾರಣ ಕೇಳಬೇಡ, ನನಗೇ ಗೊತ್ತಿಲ್ಲ. ಬೆಳಿಗ್ಗೆ ಏಳುವುದೇ ಬೇಡವಾಗಿತ್ತು. ಗುಬ್ಬಿಯಲ್ಲಿ ನಾದಿನಿಯ ಗೃಹಪ್ರವೇಶಕ್ಕೆ ಹೋದೆ. ಎಲ್ಲರೂ ಚೆನ್ನಾಗಿಯೇ ಮಾತಾಡಿಸಿದರಂತೆ, ನಮ್ಮ ಯಜಮಾನರು ಆಮೇಲೆ ಹೇಳಿದರು. ನನಗೆ ನೆನಪಿದ್ದದ್ದು ಒಬ್ಬ ಅತ್ತೆ ನನ್ನ ನೋಡಿ ಮುಖ ತಿರುಗಿಸಿದ್ದು ಮಾತ್ರ. ವಾರಗಟ್ಟಲೆ ಅದೊಂದನ್ನೇ ಅಗಿದೆ. ಆಕೆ ಯಾರನ್ನೋ ಕರೆಯಲು ತಿರುಗಿದ್ದಿರಬಹುದು. ಊಟಕ್ಕೆ ಏನಿತ್ತೆಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ತಮಾಷೆ ನೋಡು, ಕೆಲಸದಲ್ಲಿ ಮಾತ್ರ ನನಗೆ ಹೊಗಳಿಕೆ. ಶರ್ಟು ಹರಡುತ್ತಿದ್ದ ಹಾಗೇ ತಪ್ಪು ಎದ್ದು ಕಾಣುತ್ತಿತ್ತು. ಎಂಥ ಕಣ್ಣಮ್ಮ ನಿಂದು ಎಂದು ಸೂಪರ್‌ವೈಸರ್ ನಾಲ್ಕು ಜನರ ಮುಂದೆ ಹೇಳಿದ್ದ. ನಾನೂ ಹೌದೆಂದುಕೊಂಡೆ.

ಆಗಲೇ ಸ್ಯಾಂಪಲ್ ಸೆಕ್ಷನ್ನಿಗೆ, ಅಂದರೆ ಮಾದರಿ ಶರ್ಟನ್ನು ಒಬ್ಬರೇ ಪೂರ್ತಿ ಹೊಲಿಯುವ ಕಡೆಗೆ, ಒಬ್ಬ ಟೈಲರ್ ಬೇಕಾಯಿತು. ಪಟ್ಟಿಯಲ್ಲಿ ನಿನ್ನ ಹೆಸರು ಮೇಲಿತ್ತು. ಅದು ನಿನಗೆ ಎಷ್ಟು ಬೇಕಿತ್ತು ಎಂದು ನನ್ನಷ್ಟು ಯಾರಿಗೆ ಗೊತ್ತಿತ್ತು? ಊಟದ ಡಬ್ಬಿ ತೆರೆದಾಗೆಲ್ಲ ಅದೇ ಮಾತು — "ಬರೀ ಕಾಲರ್ ಹೊಲ್ದು ಹೊಲ್ದು ಸಾಕಾಯ್ತಕ್ಕ, ಒಂದಿನ ಪೂರ್ತಿ ಶರ್ಟು ನಾನೇ ಹೊಲೀಬೇಕು."

ಮ್ಯಾನೇಜರು ನನ್ನನ್ನು ಕರೆದು, ನಿನ್ನ ಕೆಲಸ ಹೇಗೆ ಎಂದು ಕೇಳಿದರು. ನಿನ್ನ ಕಾಲರಿಗೆ ಬಾಣ ಅಂಟಿಸಿದ್ದ ಮೂರು ಶರ್ಟು ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಮೂರರಲ್ಲೂ ತಪ್ಪು ಇದ್ದದ್ದು ನಿಜ, ನಾನು ಸುಳ್ಳು ಹೇಳಲಿಲ್ಲ. ಆದರೆ ಆ ವಾರ ನನ್ನ ಕೈ ದಾಟಿ ಹೋದ ನಿನ್ನ ನೂರಾರು ಶರ್ಟು — ಅವು ನನ್ನ ತಲೆಯಲ್ಲಿ ಇರಲೇ ಇಲ್ಲ. ನಾನೇ ಪಾಸು ಮಾಡಿದ್ದೆ, ನಾನೇ ನೋಡಿರಲಿಲ್ಲ.

"ಇವ್ಳ ಕೈ ನಂಬಕ್ಕಾಗಲ್ಲ ಸಾರ್" ಎಂದೆ.

ಅಷ್ಟೇ. ಆ ಕೆಲಸ ಬೇರೆಯವರಿಗೆ ಹೋಯಿತು.

ಎರಡು ತಿಂಗಳ ನಂತರ ನಮ್ಮ ಯಜಮಾನರು ಬಲವಂತವಾಗಿ ತುಮಕೂರಿನ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ಇದನ್ನು ಖಿನ್ನತೆ ಎಂದರು. ನಾನು ಆ ಅತ್ತೆಯ ಕಥೆ ಹೇಳಿಕೊಂಡೆ. "ಕೆಟ್ಟದ್ದು ಎಲ್ಲರ ಕಣ್ಣಿಗೂ ಬೀಳುತ್ತಮ್ಮ. ನಿಮಗೆ ಅಲ್ಲಿಂದ ಕಣ್ಣು ಕೀಳಕ್ಕೆ ಆಗ್ತಿಲ್ಲ" ಎಂದರು. ಮಾತ್ರೆ ಶುರುವಾಯಿತು. ನಿಧಾನಕ್ಕೆ ಊಟದ ರುಚಿ ಹತ್ತಿತು, ನಿದ್ದೆ ಬಂತು. ಒಂದು ದಿನ ಮೇಜಿನ ಮೇಲೆ ನಿನ್ನ ಕಾಲರ್ ಹರಡಿದೆ. ಎರಡು ತುದಿಯೂ ಅಳೆದಿಟ್ಟ ಹಾಗೆ ಒಂದೇ ಸಮ. ಆವತ್ತು ಇಡೀ ದಿನ ನಿನ್ನವನ್ನೇ ನೋಡಿದೆ. ಒಂದಕ್ಕೂ ಬಾಣ ಅಂಟಿಸುವ ಹಾಗಿರಲಿಲ್ಲ.

ಆ ಸಂಜೆಯೇ ನೀನು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದೆ. "ಅಕ್ಕ, ನನ್ ಕೈ ನಂಬಕ್ಕಾಗಲ್ಲ ಅಂತ ಮ್ಯಾನೇಜರು ಅಂದ್ರಂತೆ. ನೀವು ದಿನಾ ನೋಡ್ತೀರಲ್ಲ. ನಿಜಾನಾ?"

ಹೇಳಬಹುದಿತ್ತು. ಹೇಳಿದ್ದರೆ ಮಾತ್ರೆಯ ವಿಷಯವೂ ಹೊರಬೀಳುತ್ತಿತ್ತು. ತಲೆ ಸರಿಯಿಲ್ಲದವಳನ್ನು ಯಾರು ಚೆಕಿಂಗಿಗೆ ಇಟ್ಟುಕೊಳ್ಳುತ್ತಾರೆ? ಎಂಥ ಕಣ್ಣಮ್ಮ ಅನ್ನುತ್ತಿದ್ದವರು ಏನಂದಾರು — ಇಷ್ಟೇ ನನ್ನ ಯೋಚನೆ. "ಸ್ವಲ್ಪ ಹುಷಾರಾಗಿ ಹೊಲಿ, ಭಾಗ್ಯ" ಎಂದೆ. ನೀನು ತಲೆಯಾಡಿಸಿ ಬಸ್ಸಿಗೆ ಹೋದೆ. ಮುಂದಿನ ತಿಂಗಳು ನೀನು ಕೆಲಸ ಬಿಟ್ಟೆ.

ಮೊದಲು ಆಡಿದ ಮಾತನ್ನು ಕಾಯಿಲೆಯ ತಲೆಗೆ ಕಟ್ಟಬಹುದು. ಗೇಟಿನ ಹತ್ತಿರ ಆಡಿದ್ದನ್ನು ಕಟ್ಟಲಾರೆ. ಆಗ ನಾನು ಹುಷಾರಾಗಿದ್ದೆ.

ಕಳೆದ ವಾರ ಕುಣಿಗಲ್‌ನಲ್ಲಿ ಮದುವೆಗೆ ಬಂದವಳು ಬಸ್‌ಸ್ಟ್ಯಾಂಡ್ ಹತ್ತಿರದ ಬಳೆ ಅಂಗಡಿಗೆ ಹೊಕ್ಕರೆ ಗಲ್ಲಾದಲ್ಲಿ ನೀನು. ಎಷ್ಟು ಖುಷಿಪಟ್ಟೆ ನೀನು! ಟೀ ತರಿಸಿದೆ. ಮಗಳು ಸ್ಕೂಲಿಂದ ಬಂದಳು. ಅವಳ ಯೂನಿಫಾರ್ಮಿನ ಭುಜ ಹರಿದಿತ್ತು, ಅದಕ್ಕೆ ನೀನೊಂದು ಪಿನ್ನು ಹಾಕಿದ್ದೆ. ಹೊಲಿಯದೆ ಪಿನ್ನು ಯಾಕೆ ಎಂದು ನಾನು ಕೇಳಿದೆ. ಕೇಳಬಾರದಿತ್ತು.

"ಮೆಷಿನ್ ಮಾರ್ಬುಟ್ಟೆ ಅಕ್ಕ. ಈಗ ಸೂಜೀನೂ ಹಿಡಿಯಲ್ಲ, ನನ್ ಕೈ ನಂಬಕ್ಕಾಗಲ್ವಲ್ಲ. ಬಿಡುವಾದಾಗ ಟೈಲರ್‌ಗೆ ಕೊಡ್ಬೇಕು." ಎಂದು ನೀನು ನಕ್ಕೆ. ಬೇಜಾರಿನಿಂದಲೂ ಅಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ ಎನ್ನುವ ಹಾಗೆ. ನಾನು ಟೀ ಕುಡಿದು ಎದ್ದು ಬಂದೆ, ಆವತ್ತೂ ಹೇಳದೆ.

ಮೊನ್ನೆ ಸೋಮವಾರ ಮ್ಯಾನೇಜರ ಮುಂದೆ ನಿಂತು ಎಲ್ಲ ಹೇಳಿದೆ, ಮಾತ್ರೆಯ ವಿಷಯವನ್ನೂ ಸೇರಿಸಿ. ಅವರಿಗೆ ನಿನ್ನ ಹೆಸರೇ ನೆನಪಿರಲಿಲ್ಲ. ನಾನು ಇಷ್ಟು ವರ್ಷ ಹೆದರಿದ್ದು ಇವರಿಗೆ.

ನಾಳೆ ಬೆಳಗಿನ ಬಸ್ಸಿಗೆ ಕುಣಿಗಲ್‌ಗೆ ಬರುತ್ತೇನೆ. ಬಾಯಿ ಕಟ್ಟಿದರೆ ಇರಲಿ ಎಂದು ಇಷ್ಟನ್ನೂ ಬರೆದು ಇಟ್ಟುಕೊಂಡಿದ್ದೇನೆ, ಓದು. ಬೈದರೆ ಕೇಳಿಸಿಕೊಳ್ಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಸೂಜಿ ದಾರ ನಾನೇ ತರುತ್ತೇನೆ — ಆ ಯೂನಿಫಾರ್ಮನ್ನು ಟೈಲರ್‌ಗೆ ಕೊಡಬೇಡ. ಪಿನ್ನು ತೆಗೆದು ನೀನೇ ಹೊಲಿ.