ನನ್ನ ಚಪ್ಪಲಿ ಹಾಕಿದ ಕ್ಯಾಪ್ಟನ್

ಮಧ್ಯಾಹ್ನ ಮೂರು ನಲವತ್ತಕ್ಕೆ ಹಡಗಿನ ಎಚ್ಚರಿಕೆಯ ಗಂಟೆ ಹೊಡೆಯಿತು. ಆಫ್ರಿಕಾದ ಪಶ್ಚಿಮ ತೀರ ಇನ್ನೂ ದೂರವಿತ್ತು. ಕ್ಯಾಬಿನ್ನಿನಲ್ಲಿ ಮಲಗಿದ್ದ ನಾನು ಬರಿಗಾಲಲ್ಲೇ ಓಡಿದೆ. ಬಿಟ್ಟುಹೋದ ನನ್ನ ನೀಲಿ ಹವಾಯಿ ಚಪ್ಪಲಿಯನ್ನು ಕಡಲ್ಗಳ್ಳರ ಕ್ಯಾಪ್ಟನ್ ಹಾಕಿಕೊಂಡ.

ಅವನ ಮುಖವನ್ನು ನಾವು ಹದಿನೆಂಟು ಜನ ಸಿಬ್ಬಂದಿಯಲ್ಲಿ ಯಾರೂ ನೋಡಲಿಲ್ಲ. ನಮ್ಮನ್ನು ಊಟದ ಕೋಣೆಯಲ್ಲಿ ಕೂಡಿಹಾಕಿದ್ದರು. ಬಾಗಿಲ ಕೆಳಗಿನ ಸಂದಿಯಲ್ಲಿ ಆ ಚಪ್ಪಲಿ ಮಾತ್ರ ಕಾಣುತ್ತಿತ್ತು. ಅದರ ಬಾರು ಕಿತ್ತಾಗ ಅಮ್ಮ ಅಡಿಯಲ್ಲಿ ಸೇಫ್ಟಿ ಪಿನ್ ಚುಚ್ಚಿ ಕೊಟ್ಟಿದ್ದಳು. ಕಬ್ಬಿಣದ ನೆಲಕ್ಕೆ ತಾಗಿ ಅದು ಚರಕ್, ಚರಕ್ ಎನ್ನುತ್ತಿತ್ತು. ಸದ್ದು ಬಾಗಿಲಲ್ಲಿ ನಿಂತರೆ ಅವನ ಆಳುಗಳು ಒಳಗೆ ಬಂದು, ನಮ್ಮಲ್ಲೊಬ್ಬನ ಕಣ್ಣು ಕಟ್ಟಿ ಎಳೆದೊಯ್ದು, ತಲೆಗೆ ಬಂದೂಕು ಹಿಡಿದು, ಹಣಕ್ಕಾಗಿ ಹಡಗಿನ ಕಂಪನಿಗೆ ಫೋನ್ ಮಾಡಿಸುತ್ತಿದ್ದರು. ನನ್ನ ಸರದಿ ಎರಡು ಸಲ ಬಂತು. ಹನ್ನೊಂದನೆಯ ದಿನ ಮಾತುಕತೆ ಮುಗಿದು ಅವರು ದೋಣಿ ಹತ್ತಿ ಹೋದರು. ಚಪ್ಪಲಿಯೂ ಹೋಯಿತು.

ನನ್ನೂರು ವರ್ಕಾಡಿಗೆ ಮರಳಿದ ಮೇಲೆ, ಹತ್ತಿರದ ಹೊಸಂಗಡಿಯ ಕ್ಷೌರದಂಗಡಿಯಲ್ಲಿ ಎಲ್ಲರಿಗೂ ಕ್ಯಾಪ್ಟನ್‌ನ ಕಥೆ ಬೇಕಿತ್ತು.

"ಅವನಿಗೆ ಒಂದು ಕಣ್ಣು ಇಲ್ವಂತೆ, ಹೌದಾ?"

"ಮೊದಲು ನೇವಿಯಲ್ಲಿದ್ದವನಂತೆ. ಯೂಟ್ಯೂಬಲ್ಲಿ ಉಂಟು ಮಾರಾಯ!"

"ಎತ್ತರ ಎಷ್ಟು ಇದ್ದ?"

ಆರೂವರೆ ಅಡಿ ಎಂದೆ. ಡಿಗ್ರಿ ಓದಿದವನು ಚಪ್ಪಲಿಯ ಸದ್ದಿಗೆ ನಡುಗುತ್ತೇನೆಂದು ಹೇಗೆ ಹೇಳಲಿ? ವಾರದಿಂದ ವಾರಕ್ಕೆ ಊರಿನಲ್ಲಿ ಅವನು ದೊಡ್ಡವನಾಗುತ್ತಾ ಹೋದ. ಅವರ ಕ್ಯಾಪ್ಟನ್ ಬೇರೆ, ನನ್ನವನು ಬೇರೆ. ನನ್ನವನ ಬಗ್ಗೆ ಮಾತಾಡಲು ಯಾರೂ ಇರಲಿಲ್ಲ.

ಮನೆಯಲ್ಲಿ ಅಮ್ಮನ ಚಪ್ಪಲಿಗೂ ಪಿನ್ನೇ. ಬೆಳಗ್ಗೆ ಐದಕ್ಕೆ ಅವಳು ಸಿಮೆಂಟಿನ ಜಗಲಿಯಲ್ಲಿ ನಡೆಯುವಾಗ ನಾನು ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದೆ. ಆ ಸದ್ದಿಗಾಗಿ ಕಾಯುವುದರಲ್ಲೇ ಇಡೀ ರಾತ್ರಿ ಕಳೆಯುತ್ತಿತ್ತು. ಹಡಗಿಗೆ ಮರಳುವ ಮಾತಿರಲಿ, ಸ್ವಂತ ಮನೆಯಲ್ಲೇ ಇನ್ನು ನಿದ್ದೆ ಬಾರದೆಂದು ಹೆದರಿದೆ.

ನಾಲ್ಕನೆಯ ತಿಂಗಳ ಒಂದು ಮಧ್ಯಾಹ್ನ, ಬೀಡಿ ಕಟ್ಟುತ್ತಿದ್ದ ಅಮ್ಮ ತಲೆ ಎತ್ತದೆ ಕೇಳಿದಳು: "ನಾನು ಬರುವಾಗ ನೀನು ನನ್ನ ಕಾಲು ಯಾಕೆ ನೋಡುವುದು?"

ಹೇಳಿದೆ. ಎಲ್ಲವನ್ನೂ.

"ನಾನು ಪಿನ್ನು ಹಾಕಿದ ಚಪ್ಪಲಿಯಲ್ಲಾ ಅವ ತಿರುಗಿದ್ದು? ಥೂ, ಎಂತ ದರಿದ್ರ ಕ್ಯಾಪ್ಟನ್!" ನಗಲು ಹೋದಳು, ಆಗಲಿಲ್ಲ. ಮೊರವನ್ನು ಬದಿಗಿಟ್ಟು, ತನ್ನ ಚಪ್ಪಲಿ ಮಗುಚಿ, ಪಿನ್ ಬಿಚ್ಚಿ ಬಳೆಗೆ ಸಿಕ್ಕಿಸಿಕೊಂಡಳು. ಕಟ್ಟಿದ ಬೀಡಿ ಕೊಟ್ಟುಬರಲು ಬರಿಗಾಲಲ್ಲೇ ಹೊರಟಳು.

ಆಮೇಲೂ ನಾಲ್ಕು ದಿನ ಐದಕ್ಕೆ ಎಚ್ಚರವಾಗಿಯೇ ಇದ್ದೆ, ಸದ್ದಿಲ್ಲದ ಜಗಲಿಗೆ ಕಿವಿಗೊಟ್ಟು. ಶನಿವಾರ ಕಣ್ಣು ಬಿಟ್ಟಾಗ ಎಂಟರ ಬಸ್ಸು ಹೋಗಿಯಾಗಿತ್ತು. ಅಮ್ಮ ಮಂಚದ ಪಕ್ಕದಲ್ಲೇ ನಿಂತಿದ್ದಳು. ಯಾವಾಗ ಬಂದಳೋ ಗೊತ್ತೇ ಆಗಿರಲಿಲ್ಲ.

"ಚಾ ಎರಡು ಸಲ ಬಿಸಿ ಮಾಡಿ ಆಯ್ತು" ಎಂದಳು.